ಸೇಫ್ಟಿಗಳ ಮೇಲೆ ಹೂಡಿದ ಹಣ ಕೊನೆಗೂ ಮರಳಿತು

ಅಮೆರಿಕನ್ ಫುಟ್‌ಬಾಲ್‌ನ 2024ರ ಋತುವಿನಲ್ಲಿ ನಮ್ಮ ಹನ್ನೆರಡು ಜನರ ಫ್ಯಾಂಟಸಿ ಲೀಗ್ ಗೆದ್ದೆ. ನಿಜವಾದ ಆಟಗಾರರನ್ನು ಹರಾಜಿನಲ್ಲಿ ಕೊಂಡು, ಅವರು ಮೈದಾನದಲ್ಲಿ ಮಾಡಿದ್ದಕ್ಕೆ ಅಂಕ ಪಡೆಯುವ ಆಟ ಇದು. ಗೆಲ್ಲಿಸಿದ್ದು ಮೂವರು ಸೇಫ್ಟಿಗಳು, ಅಂದರೆ ರಕ್ಷಣೆಯ ಹಿಂಭಾಗದಲ್ಲಿ ನಿಲ್ಲುವವರು. ರಕ್ಷಣಾ ಆಟಗಾರರನ್ನೂ ಒಬ್ಬೊಬ್ಬರಾಗಿ ಕೊಳ್ಳುವ ಲೀಗ್ ನಮ್ಮದು. ಟ್ಯಾಕಲ್‌ಗೆ (ಚೆಂಡು ಹಿಡಿದವನನ್ನು ಕೆಡಹುವುದು) ಒಂದು ಅಂಕ, ಇಂಟರ್‌ಸೆಪ್ಷನ್‌ಗೆ (ಎದುರಾಳಿ ಎಸೆದ ಚೆಂಡನ್ನು ನಡುವೆ ಹಿಡಿಯುವುದು) ಮೂರು. ಡಿಫೆನ್ಸಿವ್ ಬ್ಯಾಕ್‌ಗಳಿಗೆ (ಹಿಂಭಾಗದ ಸೇಫ್ಟಿಗಳು, ಅಂಚಿನ ಕಾರ್ನರ್‌ಗಳು) ಹರಾಜಿನ ಕೊನೆಯಲ್ಲಿ ಒಂದೊಂದು ಡಾಲರ್ ಸಾಕೆಂದು ಗೆಳೆಯರೆಲ್ಲ ಹೇಳುತ್ತಿದ್ದರು. ನಾನು ಇನ್ನೂರು ಡಾಲರ್ ಬಜೆಟ್ಟಿನಲ್ಲಿ ಹತ್ತಿರ ಹತ್ತಿರ ಮೂವತ್ತನ್ನು ಅವರಿಗೇ ಇಟ್ಟೆ.

ಅದಕ್ಕೆ ಮೊದಲು ಎರಡು ವರ್ಷ ಸೋತಿದ್ದೇನೆ, ವರ್ಷಕ್ಕೆ ನೂರು ಡಾಲರ್ ಪ್ರವೇಶಧನದ ಸಮೇತ. 2021ರಲ್ಲಿ ಡಲ್ಲಾಸ್‌ನ ಕಾರ್ನರ್ ಟ್ರೆವನ್ ಡಿಗ್ಸ್ 11 ಇಂಟರ್‌ಸೆಪ್ಷನ್ ಹಿಡಿದದ್ದನ್ನು ಕಂಡು ಮರುವರ್ಷ ಅವನಿಗೆ ದುಬಾರಿ ಬೆಲೆ ಕೊಟ್ಟೆ. ಹಿಡಿದದ್ದು ಮೂರು. 2023ರಲ್ಲಿ ನ್ಯೂಯಾರ್ಕ್ ಜೆಟ್ಸ್‌ನ ಕಾರ್ನರ್ ಸಾಸ್ ಗಾರ್ಡ್ನರ್‌ನನ್ನು ಕೊಂಡೆ. ಆ ವರ್ಷವೂ ಅವನು ಆಲ್-ಪ್ರೊ ತಂಡದಲ್ಲಿದ್ದ (ಋತುವಿನ ಶ್ರೇಷ್ಠ ಆಟಗಾರರ ಪಟ್ಟಿ), ಇಂಟರ್‌ಸೆಪ್ಷನ್ ಮಾತ್ರ ಒಂದೂ ಇಲ್ಲ. ಅವನ ಕಡೆಗೆ ಚೆಂಡೆಸೆಯಲು ಕ್ವಾರ್ಟರ್‌ಬ್ಯಾಕ್‌ಗಳು ಹಿಂಜರಿಯುತ್ತಿದ್ದರು. ಚೆಂಡು ಬಾರದಿದ್ದರೆ ಟ್ಯಾಕಲ್ ಎಲ್ಲಿಂದ ಬರಬೇಕು? ಅದೇ ವರ್ಷ ಡಲ್ಲಾಸ್‌ನ ಡ್ಯಾರನ್ ಬ್ಲಾಂಡ್ ಐದು ಇಂಟರ್‌ಸೆಪ್ಷನ್‌ಗಳನ್ನು ಟಚ್‌ಡೌನ್ ಮಾಡಿ (ಚೆಂಡಿನೊಂದಿಗೆ ಎದುರಾಳಿಯ ಕೊನೆಯ ಗೆರೆ ದಾಟಿ) ದಾಖಲೆ ಬರೆದ. ಅವನಿದ್ದದ್ದು ನನ್ನ ಎದುರಾಳಿಯ ತಂಡದಲ್ಲಿ. ಆ ಸೋಲಿನ ಉರಿ ಇನ್ನೂ ಆರಿಲ್ಲ.

ಆಮೇಲೆ ಹೆಸರು ನೋಡುವುದನ್ನು ಬಿಟ್ಟು, ನಿಲ್ಲುವ ಜಾಗ ನೋಡತೊಡಗಿದೆ. ರಾತ್ರಿ ಪಂದ್ಯಗಳ ರೆಕಾರ್ಡಿಂಗ್ ಹಾಕಿಕೊಂಡು, ಸ್ನ್ಯಾಪ್ ಆಗುವ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವ) ಹೊತ್ತಿಗೆ ಯಾವ ಸೇಫ್ಟಿ ಚೆಂಡಿರುವ ಗೆರೆಯಿಂದ ಏಳೆಂಟು ಗಜದೊಳಗೆ ಇರುತ್ತಾನೆಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಹೆಚ್ಚಿನ ತಂಡಗಳು ಅರ್ಧಕ್ಕಿಂತ ಹೆಚ್ಚು ಬಾರಿ ನಿಕ್ಕೆಲ್ ಎಂಬ ವ್ಯೂಹದಲ್ಲಿ ಐವರು ಡಿಫೆನ್ಸಿವ್ ಬ್ಯಾಕ್‌ಗಳನ್ನು ಇಳಿಸುತ್ತವೆ. ಅದಕ್ಕಾಗಿ ಲೈನ್‌ಬ್ಯಾಕರ್ (ನಡು ಸಾಲಿನ ರಕ್ಷಕ) ಒಬ್ಬ ಹೊರಗೆ ಹೋದರೆ ಓಡಿ ಬರುವವನನ್ನು ಕೆಡಹುವ ಕೆಲಸ ಸೇಫ್ಟಿಗಳ ಮೇಲೆ ಬೀಳುತ್ತದೆ. ಆ ಲೆಕ್ಕದಲ್ಲೇ ಅರಿಜೋನಾದ ಸೇಫ್ಟಿ ಬಡ್ಡಾ ಬೇಕರ್‌ನನ್ನು ಏಳು ಡಾಲರಿಗೆ ಹಿಡಿದೆ. ಗಾತ್ರದಲ್ಲಿ ಚಿಕ್ಕವನು, ಆದರೂ ಆ ಋತುವಿನಲ್ಲಿ 150ಕ್ಕೂ ಹೆಚ್ಚು ಟ್ಯಾಕಲ್!

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹೊಸಬ ಕಾರ್ನರ್‌ಗಳ ಮೇಲೆ ಎದುರಾಳಿಗಳು ಬೇಕೆಂದೇ ಚೆಂಡೆಸೆಯುತ್ತಾರಲ್ಲ, ಅಂಥವರಿಬ್ಬರನ್ನು ತಂಡಕ್ಕೆ ಸೇರಿಸಿಕೊಂಡೆ. ನಾಲ್ಕೈದು ವಾರ ಅಂಕ ಸುರಿಯಿತು, ನಂತರ ಒಬ್ಬನನ್ನು ಅವನ ತಂಡದ ತರಬೇತುದಾರನೇ ಹೊರಗೆ ಕೂರಿಸಿದ.

ಟ್ಯಾಕಲ್‌ನ ಅಸಿಸ್ಟ್ (ಇನ್ನೊಬ್ಬನ ಜೊತೆ ಸೇರಿ ಕೆಡಹಿದ್ದು) ಬರೆಯುವುದರಲ್ಲಿ ಕ್ರೀಡಾಂಗಣದಿಂದ ಕ್ರೀಡಾಂಗಣಕ್ಕೆ ವ್ಯತ್ಯಾಸವಿದೆ. ಯಾವುವು ಉದಾರಿಗಳೆಂಬ ಪಟ್ಟಿ ನನ್ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಹುಮಾನ ಸುಮಾರು ಏಳುನೂರು ಡಾಲರ್ ಬಂತು. ಮುಂದಿನ ಹರಾಜಿನಲ್ಲಿ ಬೇಕರ್‌ನ ಹೆಸರು ಬಂದಾಗ, ಒಂದು ಡಾಲರ್ ಸಾಕೆಂದಿದ್ದ ಗೆಳೆಯನೇ ಮೊದಲು ಹನ್ನೊಂದಕ್ಕೆ ಕೂಗಿದ.