ಸುಗ್ಗಿ ಮುಗಿದ ಹೊಲದಲ್ಲಿ ಕವಣೆ ಪಂದ್ಯ ಇಡೋದು ಹೇಗೆ?

ನಮ್ಮ ಗದಗ ಕಡೆ ಹಿಂಗಾರಿ ಜೋಳ ಕೊಯ್ದ ಮೇಲೆ ಎರೆ (ಕಪ್ಪು ಮಣ್ಣಿನ) ಹೊಲವೆಲ್ಲ ಬಯಲು. ತೆನೆಗೆ ಬರೋ ಹಕ್ಕಿ ಓಡಿಸಿದ ಕವಣೆಗೂ (ನಡುವೆ ಕಲ್ಲಿಡೋ ಚೀಲ ಇರೋ, ಬೀಸಿ ಎಸೆಯೋ ಹಗ್ಗ) ಆಗ ಕೆಲಸ ಇರಲ್ಲ. ಗುರಿ ಪಂದ್ಯಕ್ಕೆ ಇದೇ ಹೊತ್ತು.

ಕವಣೆ ಕೈಯಲ್ಲೇ ಹೆಣೆದದ್ದಿರಲಿ. ಪುಂಡಿ ನಾರು ಚೆನ್ನ, ನೈಲಾನ್ ಹಗ್ಗ ಜಾರುತ್ತದೆ. ಮಡಚಿ ಹಿಡಿದಾಗ ಒಂದು ತೋಳಿನಷ್ಟು ಉದ್ದ ಸಾಕು.

ಕಲ್ಲು ಬೇಡ, ಮಣ್ಣಿನ ಉಂಡೆ ಮಾಡಿ. ಒಂದು ಸಲ ಎರೆ ಮಣ್ಣಲ್ಲೇ ಮಾಡಿದ್ದೆ, ಒಣಗುವಷ್ಟರಲ್ಲಿ ಅರ್ಧ ಬಿರುಕು ಬಿಟ್ಟು ಕೈಯಲ್ಲೇ ಒಡೆದವು. ಮಸಾರಿ (ಕೆಂಪು) ಮಣ್ಣು ತಂದು, ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ನೆರಳಲ್ಲಿ ಒಣಗಿಸಿ. ಎಲ್ಲ ಒಂದೇ ಅಳತೆ ಇರಲಿ, ಇಲ್ಲದಿದ್ರೆ ಸೋತವರು ಉಂಡೆಗೇ ಬೈತಾರೆ.

ಹಳೇ ಎಣ್ಣೆ ಡಬ್ಬಿಯನ್ನು 25 ಹೆಜ್ಜೆ ದೂರದಲ್ಲಿಡಿ. ಠಣ್ ಅಂದ್ರೆ ಬಿತ್ತು ಅಂತ ಲೆಕ್ಕ, ಜಗಳಾನೇ ಇಲ್ಲ. ಒಬ್ಬರಿಗೆ 5 ಉಂಡೆ.

ನಡುವಿನ ಚೀಲದಲ್ಲಿ ಉಂಡೆ ಇಟ್ಟು, ಒಂದು ತುದಿಯ ಕುಣಿಕೆ ನಡುಬೆರಳಿಗೆ ಹಾಕಿ, ಇನ್ನೊಂದು ತುದಿಯ ಗಂಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಹಿಡಿಯಿರಿ. ತಲೆ ಮೇಲೆ ಒಂದೇ ಸುತ್ತು, ಗಂಟು ಬಿಡಿ. ಸುಮ್ನೆ ನಾಲ್ಕೈದು ಸುತ್ತು ತಿರುಗಿಸಿದ್ರೆ ಗುರಿ ತಪ್ಪುತ್ತೆ ಅಷ್ಟೇ.

ಹೊಸಬರ ಉಂಡೆ ಹಿಂದಕ್ಕೂ ಹಾರುತ್ತದೆ, ಪಕ್ಕಕ್ಕೂ ಹಾರುತ್ತದೆ. ಹಾಗಾಗಿ ನೋಡೋರು, ದನ, ಬೈಕು ಎಲ್ಲ ದೂರ ಇರಲಿ, ಎಸೆಯೋರು ಒಬ್ಬೊಬ್ಬರೇ ಬರಲಿ, ಎಲ್ಲರ ಸರದಿ ಮುಗಿಯೋವರೆಗೆ ಡಬ್ಬಿ ಹತ್ತಿರ ಯಾರೂ ಹೋಗೋದು ಬೇಡ.