ಐಸ್ ಪ್ಲಾಂಟಿನ ಲೆಕ್ಕಕ್ಕೆ ಆಟೋಮೇಟೆಡ್ ಟೆಸ್ಟ್, ಡಿಪ್ಲಾಯ್: ನನ್ನ ಅನುಭವ

ಮಲ್ಪೆ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನ ಲೆಕ್ಕ ನಾನು ಬರೆದ ವೆಬ್ ಆ್ಯಪ್‌ನಲ್ಲಿ ನಡೆಯುತ್ತದೆ. ಯಾವ ಬೋಟಿಗೆ ಎಷ್ಟು ಐಸ್ ಹೋಯಿತು, ಎಷ್ಟು ದುಡ್ಡು ಬಂತು, ಬಾಕಿ ಎಷ್ಟು, ಇಷ್ಟೇ ಅದರ ಕೆಲಸ. ಆದರೆ ಬೋಟಿಗೆ ಹಗಲು ರಾತ್ರಿ ಎಂಬುದಿಲ್ಲ. ಬೆಳಗಿನ ಜಾವ ಮೂರಕ್ಕೆ ಬಿಲ್ ಪೇಜ್ ತೆರೆಯದಿದ್ದರೆ ತಾಂಡೇಲರು (ಬೋಟ್ ನಡೆಸುವವರು) ಕಾಯುತ್ತಾ ಕೂರುವುದಿಲ್ಲ. "ಸೀಸನ್ನಿನಲ್ಲಿ ಒಂದು ಗಳಿಗೆಯೂ ನಿಲ್ಲಬಾರದು ಮಾರಾಯ್ರೆ" ಎಂದು ಪ್ಲಾಂಟಿನವರು ಮೊದಲೇ ಹೇಳಿದ್ದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆ ಬಿಡುವಿನಲ್ಲೇ ಈ ಕೆಲಸ ಮಾಡಿಕೊಂಡೆ: ಕೋಡ್ ಸರಿಯಿದೆಯೇ ಎಂದು ತಾನಾಗಿ ನೋಡುವ ಟೆಸ್ಟ್, ಆಮೇಲೆ ಹೊಸ ಕೋಡನ್ನು ಸರ್ವರಿಗೆ ಹಾಕುವ, ಅಂದರೆ ಡಿಪ್ಲಾಯ್ ಮಾಡುವ ವ್ಯವಸ್ಥೆ.

ಆ್ಯಪ್ ಇರುವುದು ಜ್ಯಾಂಗೊ ಎಂಬ ಪೈಥಾನ್ ಫ್ರೇಮ್‌ವರ್ಕಿನಲ್ಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಟೆಸ್ಟ್ ಬರೆಯಲು ಪೈಟೆಸ್ಟ್ ಎಂಬ ಟೂಲ್ ಹಿಡಿದೆ. ಎಲ್ಲದಕ್ಕೂ ಟೆಸ್ಟ್ ಬರೆಯಲು ಹೋಗಲಿಲ್ಲ. ಬಟನ್ನಿನ ಬಣ್ಣ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ದುಡ್ಡು ಮತ್ತು ತಾರೀಕು ತಪ್ಪಿದರೆ ಜಗಳವೇ. ಆದ್ದರಿಂದ ಮೊದಲು ಅವೆರಡಕ್ಕೆ ಬರೆದೆ.

ತಾರೀಕಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜ್ಯಾಂಗೊ ಸಮಯವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಿಗ್ಗೆ 5:30ರವರೆಗೆ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನವೇ. ಆ ಸಮಯದಿಂದ ನೇರವಾಗಿ ತಾರೀಕು ಕಿತ್ತುಕೊಂಡರೆ ಮೂರು ಗಂಟೆಯ ಐಸ್ ನಿನ್ನೆಯ ಲೆಕ್ಕಕ್ಕೆ ಹೋಗುತ್ತದೆ. ಹಗಲು ಹೊತ್ತಿನಲ್ಲಿ ಕೂತು ಕೋಡ್ ಬರೆಯುವವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಫ್ರೀಜ್‌ಗನ್ ಲೈಬ್ರರಿಯಿಂದ ಗಡಿಯಾರವನ್ನು ಮೂರು ಗಂಟೆಗೆ ನಿಲ್ಲಿಸಿ, ಬಿಲ್ ಇವತ್ತಿನ ತಾರೀಕಿಗೇ ಬರುತ್ತದೆಯೇ ಎಂದು ಟೆಸ್ಟ್ ಮಾಡಬೇಕು. ಕೋಡ್‌ನಲ್ಲಿ ಲೋಕಲ್‌ಡೇಟ್ ಫಂಕ್ಷನ್ (ಸೆಟ್ಟಿಂಗಿನಲ್ಲಿ ಹೇಳಿದ ಊರಿನ ತಾರೀಕು ಕೊಡುತ್ತದೆ) ಬಳಸಿದರೆ ಸರಿಯಾಗುತ್ತದೆ. ಇಡೀ ಆ್ಯಪ್‌ನಲ್ಲಿ ನಾನು ಹೆಚ್ಚು ನೆಚ್ಚಿಕೊಂಡಿರುವ ಟೆಸ್ಟ್ ಇದೇ.

ಬೋಟಿನ ಹೆಸರು ಹುಡುಕುವುದಕ್ಕೂ ಒಂದು ಟೆಸ್ಟ್ ಇದೆ. 'ಶ್ರೀ' ಅಕ್ಷರದ ದೀರ್ಘ ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರಬಹುದು, ಎರಡು ಚಿಹ್ನೆ ಸೇರಿಯೂ ಬರಬಹುದು. ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಸೇವ್ ಮಾಡುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದುಬಿಟ್ಟರೆ ಆಯಿತು.

ಟೆಸ್ಟ್ ಓಡುವುದು, ಕೋಡ್ ಇಟ್ಟಿರುವ ಗಿಟ್‌ಹಬ್‌ನದೇ ಸೇವೆಯಾದ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ. ಕೋಡ್ ಪುಶ್ ಮಾಡಿದ, ಅಂದರೆ ಅಲ್ಲಿಗೆ ಕಳಿಸಿದ ಕೂಡಲೇ ಶುರುವಾಗುತ್ತದೆ. ಅಲ್ಲಿ ಸುಮ್ನೆ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಇಟ್ಟುಕೊಂಡರೆ ಸುಲಭ, ನಿಜ. ಆದರೆ ಅದರಲ್ಲಿ ದುಡ್ಡನ್ನು ಪೈಸೆ ತಪ್ಪದೆ ಇಡುವ ನಿಜವಾದ ಡೆಸಿಮಲ್ ಇಲ್ಲ. ಒಬ್ಬರು ತಿದ್ದುವಾಗ ಇನ್ನೊಬ್ಬರು ಮುಟ್ಟದಂತೆ ಒಂದು ಸಾಲನ್ನಷ್ಟೇ ಲಾಕ್ ಮಾಡುವ ಸೌಲಭ್ಯವೂ ಇಲ್ಲ. ಇಬ್ಬರು ಒಂದೇ ಬೋಟಿನ ಬಾಕಿ ಒಟ್ಟಿಗೆ ತಿದ್ದಿದರೆ ಏನಾಗುತ್ತದೆ ಎಂದು ಅಲ್ಲಿ ತಿಳಿಯುವುದಿಲ್ಲ. ಹಾಗಾಗಿ ಸರ್ವರಿನಲ್ಲಿರುವ ಅದೇ ವರ್ಷನ್ನಿನ ಪೋಸ್ಟ್‌ಗ್ರೆಸ್ ಕಂಟೇನರ್ (ಪ್ರತ್ಯೇಕವಾಗಿ ಓಡುವ ಪೆಟ್ಟಿಗೆಯಂಥದ್ದು) ಇಟ್ಟೆ.

ಟೆಸ್ಟ್ ಪಾಸಾದರೆ ಡಾಕರ್ ಇಮೇಜ್, ಅಂದರೆ ಆ್ಯಪ್ ಮತ್ತು ಅದಕ್ಕೆ ಬೇಕಾದದ್ದೆಲ್ಲ ಇರುವ ಕಟ್ಟು ತಯಾರಾಗುತ್ತದೆ. ಆ ಕೋಡ್ ಬದಲಾವಣೆಯ ಗುರುತಾದ ಕಮಿಟ್ ನಂಬರೇ ಅದಕ್ಕೆ ಹೆಸರು. 'ಲೇಟೆಸ್ಟ್' ಎಂಬ ಹೆಸರನ್ನು ನಂಬಬೇಡಿ, ಹಿಂದಕ್ಕೆ ಹೋಗಬೇಕಾದಾಗ ಯಾವುದು ಹಿಂದಿನದು ಎಂದೇ ಗೊತ್ತಾಗುವುದಿಲ್ಲ. ಪ್ರಯೋಗದ ಸರ್ವರಿಗೆ ತಾನಾಗಿ ಹೋಗುತ್ತದೆ. ನಿಜವಾದ ಸರ್ವರಿಗೆ ಮಾತ್ರ ನಾನೇ ಬಟನ್ ಒತ್ತಬೇಕು. ಒತ್ತುವುದು ಮಧ್ಯಾಹ್ನ, ಬಂದರಿನಿಂದ ಬಿಲ್ ಕಡಿಮೆ ಬರುವ ಹೊತ್ತು ನೋಡಿ. ಸರ್ವರಿನೊಳಗೆ ಹೋಗಲು ಬೇಕಾದ ಎಸ್‌ಎಸ್‌ಎಚ್ ಕೀ ಗಿಟ್‌ಹಬ್‌ನ ಸೀಕ್ರೆಟ್ಸ್‌ನಲ್ಲಿದೆ, ಡಿಪ್ಲಾಯ್‌ಗೆಂದೇ ಬೇರೆ ಯೂಸರ್ ಇದ್ದಾನೆ. ಹೊಸ ಕಂಟೇನರ್ ಎದ್ದ ಮೇಲೆ ಸ್ಕ್ರಿಪ್ಟ್ ಒಂದು ಪೇಜ್ ತೆರೆದು ನೋಡುತ್ತದೆ. 'ಎಲ್ಲ ಸರಿ' ಎಂದು ಹೇಳುವ 200 ಎಂಬ ಉತ್ತರ ಬಾರದಿದ್ದರೆ ಹಳೆಯ ಇಮೇಜನ್ನೇ ಮತ್ತೆ ಎಬ್ಬಿಸುತ್ತದೆ.

ಕೋಡ್ ಹಿಂದಕ್ಕೆ ಹೋದರೂ ಡೇಟಾಬೇಸ್ ಹಿಂದಕ್ಕೆ ಹೋಗುವುದಿಲ್ಲ, ಅಲ್ವಾ? ಅದಕ್ಕೇ ಕಾಲಂ ಹೆಸರು ಬದಲಿಸುವುದನ್ನು ಒಂದೇ ಏಟಿಗೆ ಮಾಡುವುದಿಲ್ಲ. ಮೊದಲು ಹೊಸ ಕಾಲಂ ಸೇರಿಸಿ, ಎರಡರಲ್ಲೂ ಬರೆದು, ಹಳೆಯದನ್ನು ಮುಂದಿನ ಯಾವುದೋ ಡಿಪ್ಲಾಯ್‌ನಲ್ಲಿ ತೆಗೆಯುತ್ತೇನೆ. ಆಗ ಹಳೆಯ ಕೋಡ್ ಕೂಡ ಹೊಸ ಡೇಟಾಬೇಸಿನ ಮೇಲೆ ಓಡುತ್ತದೆ.

ಬಿಲ್ ಪ್ರಿಂಟರನ್ನು ಮಾತ್ರ ಈಗಲೂ ಕೈಯಲ್ಲೇ ನೋಡುತ್ತೇವೆ. ಕನ್ನಡ ಅಕ್ಷರ ಕಾಗದದ ಮೇಲೆ ಹೇಗೆ ಮೂಡಿದೆ ಎಂದು ಹೇಳುವ ಟೆಸ್ಟ್ ನನ್ನಲ್ಲಿಲ್ಲ. ಪ್ರತಿ ಡಿಪ್ಲಾಯ್ ಆದ ಮೇಲೆ ಪ್ಲಾಂಟಿನವರು ಒಂದು ಬಿಲ್ ತೆಗೆದು ಫೋಟೊ ಕಳಿಸುತ್ತಾರೆ.