ಅಡಿಕೆ ದಬ್ಬೆ ಗೋಡೆಯ ವರ್ಕ್‌ಶಾಪ್: ನನ್ನ ಅನುಭವ, ನನ್ನ ಲೆಕ್ಕ

ಅಡಿಕೆ ದಬ್ಬೆ, ಅಂದರೆ ಅಡಿಕೆ ಮರವನ್ನು ಉದ್ದಕ್ಕೆ ಸೀಳಿದ ಪಟ್ಟಿ, ಚಪ್ಪರಕ್ಕಾದೀತು, ಬೇಲಿಗಾದೀತು, ಕೊಟ್ಟಿಗೆ ಅಟ್ಟಕ್ಕಾದೀತು, ಹೊರಗೋಡೆಗೆ ಮಾತ್ರ ಬೇಡ ಅಂದವರೇ ಜಾಸ್ತಿ. ಅವರ ಮಾತು ಸುಳ್ಳೇನಲ್ಲ. ಸಾಗರ, ಹೊಸನಗರ ಕಡೆಯ ಮಳೆಗೆ ಹಸಿ ದಬ್ಬೆ ಹೊಡೆದು ಬಿಟ್ಟರೆ ಮೊದಲ ವರ್ಷ ಬೂಷ್ಟು, ಎರಡನೇ ವರ್ಷ ಕುಟ್ಟೆ (ಮರ ಕೊರೆದು ಪುಡಿ ಮಾಡುವ ಹುಳ), ಮೂರನೇ ವರ್ಷ ಬಚ್ಚಲೊಲೆಗೆ ಸೌದೆ. ನನ್ನ 20 × 12 ಅಡಿ ವರ್ಕ್‌ಶಾಪಿನ ಗೋಡೆ ಮೂರ್ನಾಲ್ಕು ಮಳೆಗಾಲ ದಾಟಿದೆ. ಈಗಲೂ ಕೆಳತುದಿಗೆ ಚಾಕು ಒತ್ತಿದರೆ ಮೊನೆ ಇಳಿಯುವುದಿಲ್ಲ. ಬೇಡ ಅಂದವರಲ್ಲೇ ಇಬ್ಬರು ಬಂದು ಅಳತೆ ಬರೆದುಕೊಂಡು ಹೋಗಿದ್ದಾರೆ. ಹಾಗಾಗಿ ಇಲ್ಲಿ ಬರೆದೇ ಬಿಡುತ್ತೇನೆ.

ಫ್ರೇಮಿನ ಬಗ್ಗೆ ಉದ್ದ ಎಳೆಯುವುದಿಲ್ಲ, ವೆಲ್ಡಿಂಗ್ ಗೊತ್ತಿದ್ದವರಿಗೆ ಅದು ಹೊಸದಲ್ಲ. ಕಂಬಕ್ಕೆ 2 ಇಂಚಿನ ಚೌಕ ಜಿಐ (ಸತು ಲೇಪಿಸಿದ ಕಬ್ಬಿಣದ) ಟ್ಯೂಬ್, ಐದೈದು ಅಡಿಗೊಂದು. ಒಂದೂವರೆ ಅಡಿ ಗುಂಡಿಗೆ ಕಾಂಕ್ರೀಟ್, ಮೇಲೆ ಬೇಸ್ ಪ್ಲೇಟ್. ಪ್ಲೇಟು ನೆಲಮಟ್ಟಕ್ಕಿಂತ ಐದಾರು ಇಂಚು ಮೇಲಿರಲಿ, ಕಂಬದ ಬುಡಕ್ಕೆ ತುಕ್ಕು ಹತ್ತುವುದು ಮಣ್ಣಿಗೆ ತಾಗುವಲ್ಲಿಯೇ. ಸೂರಿನ ಎತ್ತರ 9 ಅಡಿ. ಛಾವಣಿಗೆ 0.45 ಮಿ.ಮೀ. ಕಲರ್ ಶೀಟು, ಎರಡೂ ಕಡೆ ಇಳಿಜಾರು. ಪಡುವಣದ ಗಾಳಿಮಳೆ ಹೊಡೆಯುವ ಬದಿಗೆ ಸೂರನ್ನು 3 ಅಡಿ ಚಾಚಿಸಿದ್ದೇನೆ, ಉಳಿದ ಕಡೆ ಎರಡು. ಸೂರಿನಲ್ಲಿ ಒಂದಡಿ ಉಳಿಸಲು ಹೋದರೆ ಗೋಡೆಯ ಆಯುಷ್ಯದಲ್ಲಿ ಅದರ ಹತ್ತರಷ್ಟು ಹೋಗುತ್ತದೆ.

ಗೋಡೆಯ ಕೆಳಗಿನ 3 ಅಡಿ ಜಂಬಿಟ್ಟಿಗೆ ಕಲ್ಲು, ಅದರ ಮೇಲಿನ 6 ಅಡಿ ದಬ್ಬೆ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಎರಡೂವರೆ ಅಡಿವರೆಗೂ ಎರಚುತ್ತದೆ, ಆದ್ದರಿಂದ ಆ ಪಟ್ಟಿಯಲ್ಲಿ ಯಾವ ಮರವೂ ಬೇಡ.

ಈಗ ಮರದ ವಿಷಯ. ಬೇಕಾದದ್ದು ನಲವತ್ತು ವರ್ಷ ದಾಟಿದ ಮರ, ಅದೂ ಹಸಿಯಾಗಿ ಕಡಿದದ್ದು ಅಥವಾ ಗಾಳಿಗೆ ಆಗಷ್ಟೇ ಬಿದ್ದದ್ದು. ಎಲೆಚುಕ್ಕೆ, ಹಳದಿ ಎಲೆ ರೋಗ ಬಂದ ತೋಟಗಳಲ್ಲಿ ಸತ್ತು ನಿಂತ ಮರ ಪುಕ್ಕಟೆ ಸಿಗುತ್ತದೆ, ತರಬೇಡಿ. ನಿಂತಲ್ಲೇ ಒಳಗೆ ಶಿಲೀಂಧ್ರ ಹೊಕ್ಕಿರುತ್ತದೆ. ಸೀಳುವಾಗ ನಾರಿನ ನಡುವೆ ಬೂದು ಗೆರೆ ಕಂಡರೆ ಆ ತುಂಡು ಅಲ್ಲಿಗೇ ಮುಗಿಯಿತು. ಗಟ್ಟಿ ಇರುವುದು ಬುಡದಿಂದ ಇಪ್ಪತ್ತು, ಇಪ್ಪತ್ತೈದು ಅಡಿವರೆಗೆ. ಅದರಲ್ಲಿ ಆರೂವರೆ ಅಡಿಯ ಮೂರು ತುಂಡು ಬರುತ್ತದೆ. ಬುಡದ ತುಂಡಿನಲ್ಲಿ 2 ಇಂಚು ಅಗಲದ ಆರೇಳು ದಬ್ಬೆ, ಮೇಲಿನದರಲ್ಲಿ ನಾಲ್ಕೈದು. ನನಗೆ ಸುಮಾರು 500 ದಬ್ಬೆ ಬೇಕಿತ್ತು, ಮೂವತ್ತೈದು ಮರದ ಹತ್ತಿರ ಹೋಯಿತು.

ಸೀಳಿದ ಮೇಲೆ ತಿರುಳು ಹೆರೆಯುವ ಕೆಲಸ. ಇದರಲ್ಲಿ ಸೋಮಾರಿತನ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಪಿಷ್ಟ, ಸಕ್ಕರೆ ಇರುವುದು ಆ ಮೆತ್ತನೆ ತಿರುಳಿನಲ್ಲಿ, ಕುಟ್ಟೆ ಬರುವುದೂ ಅದಕ್ಕಾಗಿ. ಕರಿ ನಾರು ಒತ್ತೊತ್ತಾಗಿ ಕಾಣುವ ತನಕ ಹೆರೆಯಬೇಕು. ಉಗುರು ಒತ್ತಿದರೆ ಗುರುತು ಬೀಳುತ್ತದೆ ಅಂತಾದರೆ ಇನ್ನೂ ಆಗಿಲ್ಲ. ಉಳಿಯುವ ದಪ್ಪ ಅರ್ಧ ಇಂಚಿನ ಆಸುಪಾಸು. ಪ್ಲೇನರಿಗೆ ಕೊಡುವುದಾದರೆ ಕಾರ್ಬೈಡ್ ಬ್ಲೇಡ್ ಇರಲಿ, ಸಾದಾ ಬ್ಲೇಡಿನ ಅಂಚನ್ನು ಅಡಿಕೆ ನಾರು ಒಂದೇ ದಿನದಲ್ಲಿ ತಿಂದು ಹಾಕುತ್ತದೆ. ಕೈಗೆ ಚರ್ಮದ ಗ್ಲೌಸ್, ಸಿಬಿರು ಹೊಕ್ಕರೆ ಕೀವಾಗದೆ ಹೊರಬರುವುದಿಲ್ಲ.

ಆಮೇಲೆ ನೀರು. ಮೂರರಿಂದ ನಾಲ್ಕು ವಾರ ಪೂರ್ತಿ ಮುಳುಗಿಸಿ, ಮೇಲೆ ಕಲ್ಲು ಹೇರಿ. ಹರಿಯುವ ನೀರಾದರೆ ಒಳ್ಳೆಯದು, ನಿಂತ ನೀರಾದರೆ ವಾರಕ್ಕೊಮ್ಮೆ ಬದಲಿಸಿ. ನಾತ ಹೊಡೆಯುತ್ತದೆ, ಮನೆಯವರು ಬೈಯುತ್ತಾರೆ. ನಾತ ಬಂತೆಂದರೆ ಸಕ್ಕರೆ ಹೊರಬೀಳುತ್ತಿದೆ ಎಂದೇ ಲೆಕ್ಕ. ಮೀನಿರುವ ಕೆರೆಗೆ ಮಾತ್ರ ಹಾಕಬೇಡಿ. ಅಮಾವಾಸ್ಯೆಗೆ ಕಡಿದ ಮರಕ್ಕೆ ಹುಳ ಬರುವುದಿಲ್ಲ ಎಂಬ ಮಾತನ್ನೂ ಪರೀಕ್ಷೆಗಿಟ್ಟೆ: ಅಮಾವಾಸ್ಯೆಯ ಮರ, ಹುಣ್ಣಿಮೆಯ ಮರ ಎರಡರ ದಬ್ಬೆಗೂ ಗುರುತು ಹಾಕಿ ಒಟ್ಟಿಗೆ ನೆನೆಸಿದೆ. ನೆನೆಸಿದ್ದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನೆನೆಸದೆ ಇಟ್ಟದ್ದಕ್ಕೆ ಎರಡಕ್ಕೂ ಕುಟ್ಟೆ ಬಂತು.

ಮುಂದಿನದು ಬೋರಾಕ್ಸ್, ಬೋರಿಕ್ ಆಸಿಡ್: ಹುಳ ಹಿಡಿಯದಂತೆ ಮರಕ್ಕೆ ಊಡಿಸುವ ಬೋರಾನ್ ಲವಣಗಳು. ಬಿದಿರು ಸಂಸ್ಕರಿಸಿದವರಿಗೆ ಪ್ರಮಾಣ ಗೊತ್ತೇ ಇದೆ: ಬೋರಿಕ್ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲು. ಹೆಚ್ಚಿನವರು ಎಡವುವುದು ಒಣಗಿಸಿ ಅದ್ದುವುದರಲ್ಲಿ, ಅದೂ ತೆಳು ದ್ರಾವಣದಲ್ಲಿ. ಬೋರಾನ್ ಒಳಕ್ಕೆ ಸರಿಯುವುದು ಒದ್ದೆಯ ಮೂಲಕ. ನೀರಿನಿಂದ ತೆಗೆದ ದಬ್ಬೆಯನ್ನು ಒಂದು ರಾತ್ರಿ ಸೋರಲು ಬಿಟ್ಟು, ಹಸಿ ಇರುವಾಗಲೇ ಗಟ್ಟಿ ದ್ರಾವಣಕ್ಕೆ ಇಳಿಸಬೇಕು. 100 ಲೀಟರಿಗೆ 4 ಕೆ.ಜಿ. ಬೋರಿಕ್, 6 ಕೆ.ಜಿ. ಬೋರಾಕ್ಸ್. ತಣ್ಣೀರಿನಲ್ಲಿ ಒಂದೊಂದನ್ನೇ ಹಾಕಿದರೆ ತಳದಲ್ಲಿ ಕೂರುತ್ತದೆ. ಬಿಸಿನೀರಿನಲ್ಲಿ ಎರಡನ್ನೂ ಸೇರಿಸಿ ಕಲಕಿದರೆ ಪೂರ್ತಿ ಕರಗುತ್ತದೆ. 8 ಅಡಿ ಉದ್ದದ ಗುಂಡಿಗೆ ಸಿಲ್ಪಾಲಿನ್ ಟಾರ್ಪಾಲು ಹಾಸಿ 300 ಲೀಟರ್ ಮಾಡಿಕೊಂಡೆ. ಒಂದೊಂದು ಕಂತೆ ವಾರದಷ್ಟು ಮುಳುಗಿರಲಿ, ತೆಗೆದ ಮೇಲೆ ಪ್ಲಾಸ್ಟಿಕ್ ಸುತ್ತಿ ನೆರಳಿನಲ್ಲಿ ಇನ್ನೆರಡು ವಾರ. ಆಮೇಲಷ್ಟೇ ಒಣಗಿಸುವುದು, ಅದೂ ನೆರಳಿನಲ್ಲಿ.

ಒಳಗೆ ಹೋಗಿದೆಯೇ ಎಂದು ನೋಡಲು ಲ್ಯಾಬ್ ಬೇಕಿಲ್ಲ. ಒಂದು ದಬ್ಬೆಯನ್ನು ನಡುವೆ ಕತ್ತರಿಸಿ, ಅರಿಸಿನ ಕದಡಿದ ಸ್ಪಿರಿಟನ್ನು ಕಡಿದ ಮುಖಕ್ಕೆ ಹಚ್ಚಿ ಒಣಗಲು ಬಿಡಿ. ಟೈಲ್ಸ್ ತೊಳೆಯುವ ಆಸಿಡನ್ನು ಸ್ಪಿರಿಟಿನಲ್ಲಿ ತೆಳು ಮಾಡಿ ಅದರ ಮೇಲೆ ಸವರಿ. ಸ್ವಲ್ಪ ಹೊತ್ತಿನಲ್ಲಿ ಬೋರಾನ್ ಇದ್ದಲ್ಲೆಲ್ಲ ಕೆಂಪಾಗುತ್ತದೆ, ಇಲ್ಲದಲ್ಲಿ ಹಳದಿಯೇ ಉಳಿಯುತ್ತದೆ. ನಡುಭಾಗ ಹಳದಿ ಉಳಿದ ಕಂತೆಯನ್ನು ಮತ್ತೆ ಗುಂಡಿಗೆ ಹಾಕಿದೆ. ಉಳಿದ ದ್ರಾವಣವನ್ನು ತೋಟಕ್ಕೆ ಚೆಲ್ಲಬೇಡಿ. ಬೋರಾನ್ ಗಿಡಕ್ಕೆ ಚಿಟಿಕೆಯಷ್ಟು ಬೇಕು, ಹೆಚ್ಚಾದರೆ ಎಲೆಯ ಅಂಚು ಸುಡುತ್ತದೆ.

ನಡುವೆ ಮೈಲುತುತ್ತದ ಪ್ರಯೋಗವೂ ಆಯಿತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಮನೆಯಲ್ಲಿ ಹೇಗೂ ಇರುತ್ತದೆ, ಅದನ್ನೇ ಒಂದು ಮಾದರಿ ಹಲಗೆಗೆ ಬಳಿದೆ. ಬೂಷ್ಟು ನಿಂತದ್ದು ನಿಜ. ಕುಟ್ಟೆಗೆ ಮಾತ್ರ ಅದರ ಲೆಕ್ಕವೇ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು, ತಾಮ್ರ ತಾಗಿದ ಜಿಂಕ್ ಸ್ಕ್ರೂಗಳು ಒಂದೇ ಮಳೆಗೆ ತುಕ್ಕು ಕಾರಿದವು. ಸುಟ್ಟ ಇಂಜಿನ್ ಆಯಿಲ್ ಹಚ್ಚಿದ ಹಲಗೆ ಚೆನ್ನಾಗಿಯೇ ಇತ್ತು, ಆದರೆ ಗ್ರೈಂಡರಿನ ಕಿಡಿ ಹಾರುವ ಜಾಗದ ಗೋಡೆಗೆ ಅದನ್ನು ಬಳಿಯುವ ಧೈರ್ಯ ನನಗಿಲ್ಲ. ಧೂಳೂ ಮೆತ್ತುತ್ತದೆ.

ಬೋರಾನಿನ ದೊಡ್ಡ ದೋಷ ಮಳೆಗೆ ತೊಳೆದುಹೋಗುವುದು. ಹೊರಗೋಡೆಗೆ ಆಗದು ಎನ್ನುವವರು ಹಿಡಿದುಕೊಳ್ಳುವುದೂ ಇದನ್ನೇ. ಅದಕ್ಕೆ ಉತ್ತರ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಕರಾವಳಿಯಲ್ಲಿ ದೋಣಿಗೆ ಹಚ್ಚುತ್ತಿದ್ದದ್ದು ಅದನ್ನೇ. ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ, ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸ್ ಕಡ್ಡಾಯ. ಟರ್ಪಂಟೈನ್ ಬೆರೆಸಿ ತೆಳುವಾಗಿ ಎರಡು ಕೈ, ಮಾರ್ಚಿ ಬಿಸಿಲಿನಲ್ಲಿ. ದಪ್ಪ ಹಚ್ಚಿದರೆ ತಿಂಗಳಾದರೂ ಅಂಟಂಟು. ನನ್ನದು ಎರಡು ದಿನದಲ್ಲಿ ಒಣಗುತ್ತದೆ; ಅದಕ್ಕೆ ಬೆರೆಸುವುದು ಏನೆಂದು ಬಂದವರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಕೂರಿಸುವ ಕ್ರಮಕ್ಕೆ ಬರೋಣ. ದಬ್ಬೆ ನೆಟ್ಟಗೆ ನಿಲ್ಲಬೇಕು, ಅಡ್ಡ ಹಾಕಿದರೆ ಪ್ರತಿ ಸಂದಿನಲ್ಲೂ ನೀರು ನಿಲ್ಲುತ್ತದೆ. ಒಂದೂವರೆ ಇಂಚಿನ ಅಡ್ಡ ಟ್ಯೂಬ್ ಎರಡೆರಡು ಅಡಿಗೆ, ಒಟ್ಟು ನಾಲ್ಕು ಸಾಲು. ಮೊದಲು ಅಡಿಸಾಲು, ದಬ್ಬೆಯಿಂದ ದಬ್ಬೆಗೆ ಒಂದಿಂಚು ಸಂದು. ಆ ಸಂದಿನ ಮೇಲೆ ಮುಚ್ಚುದಬ್ಬೆ, ಎರಡೂ ಬದಿಗೆ ಅರ್ಧರ್ಧ ಇಂಚು ಹೊದಿಕೆ. ಅಡಿಸಾಲಿಗೆ ಮೇಲೊಂದು ಕೆಳಗೊಂದು ಸ್ಕ್ರೂ ಸಾಕು. ಮುಚ್ಚುದಬ್ಬೆಯ ನಾಲ್ಕು ಸ್ಕ್ರೂ ಕೆಳಗಿನ ದಬ್ಬೆಯನ್ನು ತೂರದೆ ಸಂದಿನಲ್ಲೇ ಹಾದು ಟ್ಯೂಬಿಗೆ ಹೋಗಬೇಕು. ಎರಡನ್ನೂ ಸೇರಿಸಿ ತೂರಿದರೆ ಬೇಸಗೆಯಲ್ಲಿ ಒಣಗಿ ಕುಗ್ಗುವಾಗ ನಾರಿನುದ್ದಕ್ಕೂ ಸೀಳುತ್ತದೆ. ತೂತು ಮೊದಲೇ ಕೊರೆಯಿರಿ, ಸ್ಕ್ರೂಗಿಂತ ಒಂದು ಮಿಲಿಮೀಟರ್ ದೊಡ್ಡದಾಗಿ. ರಬ್ಬರ್ ವಾಷರ್ ಒತ್ತಿ ಚಪ್ಪಟೆಯಾಗುವಷ್ಟು ಬಿಗಿಯಬೇಡಿ.

ಅಡಿಸಾಲನ್ನು ತಿರುಳಿನ ಬದಿ ಹೊರಗೆ ಮಾಡಿ, ನಾಡಹೆಂಚು ಹೊದಿಸಿದ ಹಾಗೆ ಕಾಲುವೆ ಮಾಡೋಣ ಎಂದು ಒಂದು ಅಂಕಣ ಹಾಗೇ ಬಿಟ್ಟೆ. ನೋಡಲು ಚೆಂದ, ಆದರೆ ಹಸಿರು ಪಾಚಿ ಹಿಡಿದದ್ದು ಅದೇ ಅಂಕಣಕ್ಕೆ. ಎರಡೂ ಸಾಲಿಗೆ ಸಿಪ್ಪೆಯ ಬದಿಯೇ ಹೊರಗಿರಲಿ.

ಕೆಳತುದಿಯೇ ಗೋಡೆಯ ಪ್ರಾಣ. ನಾರಿನ ಬಾಯಿ ತೆರೆದಿರುವುದರಿಂದ ನೀರು ಮೇಲಕ್ಕೆ ಹೀರುತ್ತದೆ. ತುದಿಯನ್ನು ಒಳಗಡೆಗೆ ಓರೆಯಾಗಿ ಕೊಯ್ಯಿರಿ, ಹನಿ ಹೊರ ಅಂಚಿನಲ್ಲೇ ಕಳಚಿ ಬೀಳುತ್ತದೆ. ಕೊಯ್ದ ಮುಖಕ್ಕೆ ಬಿಸಿ ಡಾಂಬರು. ಕಲ್ಲುಗೋಡೆಯ ತಲೆಯನ್ನು ಸಿಮೆಂಟಿನಲ್ಲಿ ಹೊರಕ್ಕೆ ಇಳಿಜಾರು ಮಾಡಿ, ಅದರ ಮೇಲೆ ಶೀಟಿನ ಚೂರು ಬಗ್ಗಿಸಿದ ಪಟ್ಟಿ. ದಬ್ಬೆ ಆ ಪಟ್ಟಿಗೆ ತಾಗದೆ ಅರ್ಧ ಇಂಚು ಮುಂದೆ, ಎರಡು ಇಂಚು ಕೆಳಗೆ ಇಳಿದಿರಲಿ. ಇದೇ ಪಟ್ಟಿ ಒರಲೆಗೂ (ಗೆದ್ದಲಿಗೂ) ಅಡ್ಡಿ. ಜಂಬಿಟ್ಟಿಗೆಯ ಸಂದಿನಲ್ಲಿ ಕದ್ದು ಬರುವ ಒರಲೆ ಪಟ್ಟಿ ದಾಟಲು ಹೊರಗೆ ಮಣ್ಣಿನ ಗೂಡು ಕಟ್ಟಲೇಬೇಕು, ಆಗ ಕಣ್ಣಿಗೆ ಬೀಳುತ್ತದೆ.

ವೆಲ್ಡಿಂಗ್ ಮಾಡುವ ಮೂಲೆಗೆ ಒಳಗಿನಿಂದ 6 ಮಿ.ಮೀ. ಸಿಮೆಂಟ್ ಬೋರ್ಡ್. ಉಳಿದೆಡೆ ಏನೂ ಇಲ್ಲ, ಒಳಗೆ ನಿಂತರೆ ದಬ್ಬೆಯೇ ಕಾಣುತ್ತದೆ. ಸೂರಿನ ಕೆಳಗೆ ಅರ್ಧ ಅಡಿ ಜಾಲರಿ ಬಿಟ್ಟಿದ್ದೇನೆ. ಗಾಳಿ ಆಡುತ್ತದೆ, ಹಾಗೆಂದು ಜುಲೈ ತೇವ ಬಿಡುವುದಿಲ್ಲ. ಉಪಕರಣದ ಬೀರುವಿಗೆ ಸಣ್ಣ ಬಲ್ಬ್ ಹಾಕಿದ್ದು ಅದಕ್ಕೇ.

ಕಟ್ಟಿದಾಗಿನ ದುಡ್ಡಿನ ಲೆಕ್ಕ, ನೆನಪಿನಿಂದ: ಕಬ್ಬಿಣ ಐನೂರು ಕಿಲೋ ಹತ್ತಿರ, 40 ಸಾವಿರ. ಛಾವಣಿ ಶೀಟು 23. ಜಂಬಿಟ್ಟಿಗೆ, ಸಿಮೆಂಟು, ಗಾರೆಯವರ ಕೂಲಿ ಸೇರಿ 24. ನೆಲದ ಕಾಂಕ್ರೀಟು 15. ಬಾಗಿಲು, ವೈರಿಂಗ್ ಎಲ್ಲ ಸೇರಿ 20. ದಬ್ಬೆ ಗೋಡೆಗೆ 28 ಸಾವಿರ: ಮರ ಮತ್ತು ಸಾಗಣೆ ಮೂರೂವರೆ, ಸೀಳಿದ್ದು 5, ಹೆರೆದದ್ದು 6, ಬೋರಾಕ್ಸ್ ಬೋರಿಕ್ 5, ಗೇರೆಣ್ಣೆ ಎರಡೂವರೆ, ಸ್ಕ್ರೂ 6. ಒಟ್ಟು ಒಂದೂವರೆ ಲಕ್ಷದ ಆಸುಪಾಸು. ವೆಲ್ಡಿಂಗ್, ಜೋಡಣೆ ನನ್ನದೇ, ಅದಕ್ಕೆ ಕೂಲಿ ಹಾಕಿಲ್ಲ. ಹಾಕಿದರೆ ಇನ್ನೂ ನಲವತ್ತು ಸಾವಿರ ಸೇರಿಸಿಕೊಳ್ಳಿ.

ಗೋಡೆಗೆ ಚದರಡಿಗೆ 75 ರೂಪಾಯಿ ಬಿತ್ತು. ಬರೀ ತಗಡು ಹೊಡೆದಿದ್ದರೆ 50ರಲ್ಲಿ ಮುಗಿಯುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ತಗಡಿನ ಗೋಡೆ ಏಪ್ರಿಲ್‌ನಲ್ಲಿ ಒಲೆ, ಮಳೆಗಾಲದಲ್ಲಿ ಒಳಗೆಲ್ಲ ಬೆವರು. ಅದಕ್ಕೆ ಒಳಗಿನಿಂದ ಬೋರ್ಡ್ ಹೊಡೆದಿದ್ದರೆ 110 ದಾಟುತ್ತಿತ್ತು. ಖರ್ಚಿನಲ್ಲಿ ಉಳಿಸಬಾರದ ಜಾಗ ಸ್ಕ್ರೂ. ಅಗ್ಗದ್ದು ಎರಡನೇ ಮಳೆಗೇ ತಲೆ ತುಕ್ಕು ಹಿಡಿದು, ದಬ್ಬೆಯ ಮೇಲೆ ಕಪ್ಪು ಗೆರೆ ಇಳಿಸುತ್ತದೆ. ಪಡುವಣ ಗೋಡೆಗಾದರೂ ಸ್ಟೀಲಿನದು ಹಾಕಿ. ನಾನು ಹಾಕಿದ್ದು ಅಲ್ಲಿಗೆ ಮಾತ್ರ.

ಪಡುವಣ ಗೋಡೆಗೆ ವರ್ಷ ಬಿಟ್ಟು ವರ್ಷ ಮಾರ್ಚಿಯಲ್ಲಿ ಒಂದು ಕೈ ಗೇರೆಣ್ಣೆ, ನಾಲ್ಕು ಲೀಟರ್ ಸಾಕು. ಮಳೆಗಾಲ ಮುಗಿದ ಮೇಲೆ ಕಲ್ಲಿನ ಪಟ್ಟಿಯ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ನೇರ ಮೇಲಿರುವ ದಬ್ಬೆಯದು, ಸ್ಕ್ರೂ ಬಿಚ್ಚಿ ಅದೊಂದನ್ನೇ ಬದಲಿಸಬಹುದು. ಅದಕ್ಕೆಂದೇ ಬೋರಾಕ್ಸ್ ಗುಂಡಿ ಮುಚ್ಚುವ ಮೊದಲು ಇಪ್ಪತ್ತು ದಬ್ಬೆ ಹೆಚ್ಚು ಮಾಡಿ ಅಟ್ಟದ ಮೇಲೆ ಇಟ್ಟುಕೊಳ್ಳಿ. ಆಮೇಲೆ ನಾಲ್ಕು ತುಂಡಿಗಾಗಿ ಮತ್ತೆ ಗುಂಡಿ ತೋಡಲು ಯಾರಿಗೂ ಮನಸ್ಸಾಗುವುದಿಲ್ಲ.